ಹೆಸರು ಉಳಿಯಿತು, ನೆಲೆ ಬದಲಾಯಿತು

ಊರೇ ಎದ್ದು ಬೇರೆಡೆಗೆ ಹೋದರೆ ಅದರ ಹೆಸರು ಎಲ್ಲಿರಬೇಕು? ಬಾಗಲಕೋಟೆಯವರಿಗೆ ಇದು ಬರೀ ಒಗಟಲ್ಲ, ಬದುಕಿ ಕಂಡ ಸಂಗತಿ. 1964ರಲ್ಲಿ ಅಡಿಗಲ್ಲು ಕಂಡ ಆಲಮಟ್ಟಿ ಅಣೆಕಟ್ಟೆಯಲ್ಲಿ ಕೊನೆಗೂ ನೀರು ನಿಲ್ಲತೊಡಗಿದಾಗ ಹಿನ್ನೀರು ಘಟಪ್ರಭೆಯ ಗುಂಟ ಮೇಲೇರಿ ಹಳೆಯ ಪಟ್ಟಣದ ತಗ್ಗಿನ ಭಾಗಗಳನ್ನು ನುಂಗಿತು. ಓಣಿಗಳಲ್ಲಿ ತಲೆಮಾರುಗಳಿಂದ ಇದ್ದವರು ನವನಗರಕ್ಕೆ ಬಂದರು. ಓಣಿಯ ಹೆಸರಿದ್ದ ಜಾಗಕ್ಕೆ ಸೆಕ್ಟರ್ ಸಂಖ್ಯೆ ಬಂತು. ಮನೆತನ ಅದೇ, ಅಂಗಡಿಯ ಹೆಸರು ಅದೇ, ಊರ ಹೆಸರೂ ಅದೇ. ನೆಲೆ ಮಾತ್ರ ಬೇರೆ. ಇಂಥ ಸಂದರ್ಭದಲ್ಲಿ ಹೆಸರು ಹೇಳಿದರೆ ನೆಲೆ ತೋರಿಸುವ ಪಟ್ಟಿ ಎಲ್ಲೋ ಒಂದೆಡೆ ತಿದ್ದುಪಡಿಯಾಗಬೇಕು. ತಿದ್ದಿದ್ದು ಹುಡುಕಿ ಬರುವವನಿಗೆ ತಿಳಿಯಲೂಬೇಕು.

ಜಗತ್ತಿನ ಕಂಪ್ಯೂಟರ್ ಜಾಲ ನಿಂತಿರುವುದು ಇಂಥದೇ ಒಂದು ಪಟ್ಟಿಯ ಮೇಲೆ. ಯಂತ್ರಕ್ಕೆ ಯಂತ್ರ ಗೊತ್ತಾಗುವುದು ಸಂಖ್ಯೆಯಿಂದ, ಮನುಷ್ಯನಿಗೆ ನೆನಪಿರುವುದು ಹೆಸರು. 1970ರ ದಶಕದಲ್ಲಿ ಅಮೆರಿಕದ ಅರ್ಪಾನೆಟ್ ಜಾಲದಲ್ಲಿ ಕೆಲವೇ ನೂರು ಯಂತ್ರಗಳಿದ್ದಾಗ ಹೆಸರು–ಸಂಖ್ಯೆಗಳ ಜೋಡಿಗಳನ್ನೆಲ್ಲ ಒಂದೇ ಕಡತದಲ್ಲಿ ಬರೆದಿಡುತ್ತಿದ್ದರು. ಕ್ಯಾಲಿಫೋರ್ನಿಯದ ಸಂಶೋಧನಾ ಸಂಸ್ಥೆಯೊಂದರಲ್ಲಿ ಎಲಿಜಬೆತ್ ಫೀನ್ಲರ್ ಮತ್ತು ಅವರ ಸಂಗಡಿಗರು ಅದನ್ನು ಕಾಯುತ್ತಿದ್ದರು. ಹೊಸ ಯಂತ್ರ ಬಂದರೆ ಅವರಿಗೆ ತಿಳಿಸಬೇಕು, ಅವರು ಪಟ್ಟಿಗೆ ಸೇರಿಸಬೇಕು, ಉಳಿದವರೆಲ್ಲ ಆ ಪಟ್ಟಿಯನ್ನು ಮತ್ತೆ ಮತ್ತೆ ನಕಲು ಮಾಡಿಕೊಳ್ಳಬೇಕು. ಇಡೀ ಜಿಲ್ಲೆಯ ಉತಾರಗಳನ್ನು ಒಬ್ಬನೇ ತಲಾಟಿ ಒಂದೇ ದಫ್ತರದಲ್ಲಿ ಬರೆದಿಟ್ಟಂತೆ! ಜಾಲ ಬೆಳೆದಂತೆ ಇದು ನಡೆಯದಾಯಿತು. 1983ರಲ್ಲಿ ಪಾಲ್ ಮೊಕಾಪೆಟ್ರಿಸ್, ಜಾನ್ ಪೋಸ್ಟೆಲ್ ಅವರ ಸೂಚನೆಯಂತೆ, ಪಟ್ಟಿಯನ್ನು ಒಡೆದು ಹಂಚುವ ಉಪಾಯ ರೂಪಿಸಿದರು. ಡೊಮೇನ್ ನೇಮ್ ಸಿಸ್ಟಮ್ ಎಂದು ಹೆಸರಾದದ್ದು ಅದೇ. ಯಾವ ಭಾಗದ ಹೆಸರುಗಳು ಯಾರ ವಶವೋ ಅವುಗಳ ಲೆಕ್ಕವನ್ನು ಅವರೇ ಇಟ್ಟುಕೊಳ್ಳಲಿ. ಮೇಲಿನವರು, ಕೆಳಗಿನ ಲೆಕ್ಕ ಯಾರ ಬಳಿ ಇದೆ ಎಂಬುದನ್ನಷ್ಟೇ ತಿಳಿದಿರಲಿ ಎಂಬುದು ಅದರ ತಿರುಳು.

ಬಾಗಲಕೋಟ ಡಾಟ್ ನಿಕ್ ಡಾಟ್ ಇನ್ ಎಂಬ ಜಿಲ್ಲಾಡಳಿತದ ಹೆಸರನ್ನೇ ತೆಗೆದುಕೊಳ್ಳಿ. ಇದನ್ನು ಬಲದಿಂದ ಎಡಕ್ಕೆ ಓದಬೇಕು. ಹುಡುಕುವ ಯಂತ್ರ ಮೊದಲು ಎಲ್ಲಕ್ಕೂ ಮೇಲಿರುವ ‘ಬೇರು’ ಸರ್ವರನ್ನು ಕೇಳುತ್ತದೆ. ಅವುಗಳಿಗೆ ಎ ಯಿಂದ ಎಂ ವರೆಗೆ ಹದಿಮೂರು ಹೆಸರು. ಒಂದೊಂದು ಹೆಸರಿಗೂ ಲೋಕದ ಹಲವೆಡೆ ಪ್ರತಿಗಳಿವೆ. ಬೇರು ಸರ್ವರಿಗೆ ಬಾಗಲಕೋಟೆ ಗೊತ್ತಿಲ್ಲ. ಅದು ‘ಇನ್’ ನೋಡಿಕೊಳ್ಳುವವರ ಕಡೆಗೆ ಬೆರಳು ತೋರಿಸುತ್ತದೆ. ಅಲ್ಲಿಂದ ‘ನಿಕ್’, ಅಂದರೆ ರಾಷ್ಟ್ರೀಯ ಮಾಹಿತಿ ವಿಜ್ಞಾನ ಕೇಂದ್ರ. ಸಂಖ್ಯೆ ಸಿಗುವುದು ಅಲ್ಲಿ. ಭಾರತಕ್ಕೆ ‘ಇನ್’ ದೊರೆತದ್ದು 1989ರಲ್ಲಿ. 2005ರಿಂದ ಅದರ ಹೊಣೆ ನಿಕ್ಸಿ ಎಂಬ ಸಂಸ್ಥೆಯದು. ಅಂಚೆಯ ಪಿನ್ ಕೋಡ್ ಕೂಡ ಇದೇ ಜಾಣತನದ್ದು, ಆದರೆ ಎಡದಿಂದ ಬಲಕ್ಕೆ. ಬಾಗಲಕೋಟೆ 587101, ಹುನಗುಂದ 587118, ಇಳಕಲ್ಲ 587125, ಬಾದಾಮಿ 587201. ದೂರದ ಅಂಚೆ ಕಚೇರಿಯಲ್ಲಿ ಚೀಲಕ್ಕೆ ಕಾಗದ ತುಂಬುವವನಿಗೆ ಮೊದಲ ಮೂರು ಅಂಕಿ ಸಾಕು, ಊರು ಗೊತ್ತಿರಬೇಕಾಗಿಲ್ಲ.

ಈ ನಾಲ್ಕು ಊರುಗಳ ಸೀಮೆಗೆ ಇದು ಹೊಸ ವಿದ್ಯೆಯೇನಲ್ಲ. ಚಾಲುಕ್ಯರ ಕಾಲದಿಂದಲೂ ಇಲ್ಲಿನ ಶಾಸನಗಳು ಹಳ್ಳಿಯೊಂದನ್ನು ಹೆಸರಿಸುವಾಗ ಅದು ಯಾವ ನಾಡಿನೊಳಗೆ ಎಂಬುದನ್ನು ಹೇಳುವುದುಂಟು. ಪಟ್ಟದಕಲ್ಲಿನ ಸುತ್ತಿನದು ಕಿಸುಕಾಡು 70, ಬಾದಾಮಿಯ ಕಡೆಗೆ ಕೆಳವಾಡಿ 300. ಬಾಗಡಗೆ 70 ಎಂಬುದರಲ್ಲಿ ಈಗಿನ ಬಾಗಲಕೋಟೆಯ ಹೆಸರಿದೆ. ಆ ಅಂಕಿಗಳು ಹಳ್ಳಿಗಳ ಎಣಿಕೆಯೋ ಮತ್ತೇನೋ ಎಂಬ ಚರ್ಚೆ ಬೇರೆ. ಒಂದೇ ಹೆಸರಿನ ಹತ್ತು ಹಳ್ಳಿಗಳಿರುವ ನಾಡಿನಲ್ಲಿ ‘ಇಂಥದರೊಳಗಿನ ಇಂಥದು’ ಎನ್ನದೆ ದಾನಪತ್ರ ನಿಲ್ಲುವುದಿಲ್ಲ ಎಂಬುದು ಆ ಬರಹಗಾರರಿಗೆ ಚೆನ್ನಾಗಿ ತಿಳಿದಿತ್ತು.

ಡೊಮೇನ್ ವ್ಯವಸ್ಥೆಯ ಒಂದೊಂದು ದಾಖಲೆಯೂ ಪುಟ್ಟ ಶಾಸನದಂತೆಯೇ ಇದೆ. ಅದರಲ್ಲಿ ಹೆಸರು, ಬಗೆ, ಅವಧಿ, ಕೊನೆಗೆ ವಿಷಯ. ಬಗೆ ‘ಎ’ ಆದರೆ ವಿಷಯ ಯಂತ್ರದ ಸಂಖ್ಯೆ. ಸಂಖ್ಯೆ ಹೊಸ ಮಾದರಿಯ ಉದ್ದನೆಯದಾದರೆ ನಾಲ್ಕು ‘ಎ’. ಅಂಚೆ ಯಾವ ಯಂತ್ರಕ್ಕೆ ಸಲ್ಲಬೇಕೆಂಬುದಕ್ಕೆ ‘ಎಂಎಕ್ಸ್’, ಲೆಕ್ಕ ಯಾರ ವಶ ಎಂಬುದಕ್ಕೆ ‘ಎನ್‌ಎಸ್’. ಇವನ್ನು ಯಾರು ಬೇಕಾದರೂ ತೆರೆದು ನೋಡಬಹುದು. ಅದಕ್ಕೆ ಬಳಸುವ ಒಂದು ಸಾಧನದ ಹೆಸರು ‘ಡಿಗ್’. ಇಂಗ್ಲಿಷಿನಲ್ಲಿ ಅಗೆ ಎಂದರ್ಥ. ಐಹೊಳೆಯ ಮಣ್ಣು ಅಗೆದವರಿಗೆ ಇದನ್ನು ಕೇಳಿ ನಗು ಬಂದೀತು.

‘ಸಿನೇಮ್’ ಎಂಬ ಬಗೆಯದು ಬೇರೆಯೇ ಸ್ವಾರಸ್ಯ. ಈ ಹೆಸರಿನ ನಿಜನಾಮ ಅದು, ಅಲ್ಲಿ ಹೋಗಿ ಕೇಳು ಎನ್ನುವ ದಾಖಲೆ ಅದು. ಬಾದಾಮಿಯ ಮೂರನೆಯ ಗುಹೆಯಲ್ಲಿ ಮಂಗಲೇಶನ ಸಂಸ್ಕೃತ ಶಾಸನವಿದೆ, ಶಕವರ್ಷ 500, ಅಂದರೆ ಕ್ರಿ.ಶ. 578. ದೇವರಿಗೆ ಬಿಟ್ಟ ಹಳ್ಳಿಯ ಹೆಸರು ಅದರಲ್ಲಿ ಲಂಜೀಶ್ವರ. ಗುಹೆಯ ಹೊರಗಿನ ಕನ್ನಡ ಶಾಸನದಲ್ಲಿ ಅದೇ ಹಳ್ಳಿ ಲಂಜಿಗೇಸರ. ಮಹಾಕೂಟದ ಬಳಿಯ ಈಗಿನ ನಂದಿಕೇಶ್ವರವೇ ಅದೆಂದು ವಿದ್ವಾಂಸರು ಗುರುತಿಸುತ್ತಾರೆ. ಪಂಡಿತರಿಗೊಂದು ಹೆಸರು, ಊರವರ ಬಾಯಿಗೊಂದು ಹೆಸರು, ಹೊಲಗದ್ದೆ ಅವೇ. ಐಹೊಳೆಯೂ ಹೀಗೆಯೇ: ಆರ್ಯಪುರ, ಅಯ್ಯಾವೊಳೆ. ಇಲ್ಲಿಂದ ಹೆಸರು ಪಡೆದ ಅಯ್ಯಾವೊಳೆ ಐನೂರ್ವರೆಂಬ ವರ್ತಕ ಸಂಘದ ಶಾಸನಗಳು ದಕ್ಷಿಣ ಭಾರತದ ಉದ್ದಗಲಕ್ಕೂ ಇವೆ. ಐನೂರ್ವರ 1088ರ ತಮಿಳು ಶಾಸನ ಸುಮಾತ್ರಾದಲ್ಲೂ ಸಿಕ್ಕಿದೆ. ಊರು ಹುನಗುಂದ ತಾಲ್ಲೂಕಿನಲ್ಲೇ ಉಳಿಯಿತು, ಹೆಸರು ಕಡಲು ದಾಟಿತು. ಇಳಕಲ್ಲ ಎಂದರೆ ದೂರದವರಿಗೆ ಊರಿಗಿಂತ ಮೊದಲು ಸೀರೆ ನೆನಪಾಗುವುದೂ ಇಂಥದೇ ಪ್ರಯಾಣ. ಈಗ ಆ ಹೆಸರು ಭೌಗೋಳಿಕ ಸೂಚಕವಾಗಿ ಸರಕಾರದ ವಹಿಯಲ್ಲಿ ನೋಂದಣಿಯಾಗಿದೆ.

ದಾಖಲೆಯ ಅವಧಿಯನ್ನು ಸೆಕೆಂಡುಗಳಲ್ಲಿ ಬರೆಯುತ್ತಾರೆ. 86400 ಎಂದಿದ್ದರೆ ಒಂದು ದಿನ. ಅಷ್ಟು ಹೊತ್ತು ಈ ಉತ್ತರವನ್ನು ನೆನಪಿಟ್ಟುಕೊಂಡು ಬಳಸಬಹುದು, ಆಮೇಲೆ ಮತ್ತೆ ಕೇಳಬೇಕು. ಯಂತ್ರವನ್ನು ಬೇರೆಡೆಗೆ ಸಾಗಿಸುವ ಜಾಣ ಆಡಳಿತಗಾರ ಮುಂಚೆಯೇ ಈ ಅವಧಿಯನ್ನು ಕೆಲವು ನಿಮಿಷಗಳಿಗೆ ಇಳಿಸಿರುತ್ತಾನೆ. ಇಲ್ಲವಾದರೆ ಅರ್ಧ ಲೋಕ ಖಾಲಿ ಮನೆಯ ಕದ ತಟ್ಟುತ್ತಿರುತ್ತದೆ. ಕಲ್ಲಿನ ಬರಹಕ್ಕೆ ಇಂಥ ಮಿತವ್ಯಯವಿರಲಿಲ್ಲ: ಚಂದ್ರಸೂರ್ಯರು ಇರುವತನಕ ಎಂಬುದು ಶಾಸನಗಳ ರೂಢಿಯ ಗಡುವು. ಮೂರನೆಯ ಗುಹೆಯ ಕನ್ನಡ ಶಾಸನವಂತೂ, ಈ ದಾನವನ್ನು ಕೆಡಿಸಿದವನು ಪಂಚಮಹಾಪಾತಕಿಯಾಗಿ ಏಳನೆಯ ನರಕದ ಹುಳುವಾಗಲಿ ಎಂದು ಶಪಿಸುತ್ತದೆ. ಕಂಪ್ಯೂಟರಿನವರು ಶಾಪವನ್ನು ನೆಚ್ಚಲಿಲ್ಲ. ದಾರಿಯಲ್ಲಿ ಯಾರಾದರೂ ಸುಳ್ಳು ಉತ್ತರ ತುರುಕಿದರೆ, ಬ್ಯಾಂಕಿನ ಹೆಸರು ಕೇಳಿದವನು ಕಳ್ಳನ ಮನೆಗೆ ಹೋದಾನು. ಅದಕ್ಕಾಗಿ ದಾಖಲೆಗಳಿಗೆ ಗಣಿತದ ಮುದ್ರೆ ಒತ್ತುವ ಕ್ರಮ ಬಂತು. ಬೇರಿಗೆ ಮುದ್ರೆ ಬಿದ್ದದ್ದು 2010ರ ಜುಲೈಯಲ್ಲಿ.

ಚಂದ್ರಸೂರ್ಯರು ಇದ್ದರೂ ಹೆಸರುಗಳು ಮಾಸಿದವು. ಒಂದನೆಯ ಪುಲಕೇಶಿ ಶಕ 465ರಲ್ಲಿ, ಕ್ರಿ.ಶ. 543ರಲ್ಲಿ, ಕೋಟೆ ಕಟ್ಟಿದ ಊರು ಬಂಡೆಯ ಮೇಲಿನ ಶಾಸನದಲ್ಲಿ ವಾತಾಪಿ. ಎರಡನೆಯ ಶತಮಾನದ ಗ್ರೀಕ್ ಭೂಗೋಳಜ್ಞ ಟಾಲೆಮಿ ಹೇಳುವ ‘ಬದಿಯಮೈ’ ಕೂಡ ಬಾದಾಮಿಯೇ ಎಂದು ಅನೇಕರ ಮತ. ಯಾವ ಹೆಸರು ಯಾವ ನೆಲೆ ಎಂದು ಕೇಳಿದರೆ ಹೇಳುವ ಸರ್ವರ್ ಇಲ್ಲದ ಕಾಲದಲ್ಲಿ ಆ ಕೆಲಸಕ್ಕೆ ಕುಳಿತವರಲ್ಲಿ ಜಾನ್ ಫೇತ್‌ಫುಲ್ ಫ್ಲೀಟ್ ಮುಖ್ಯರು. ಮುಂಬಯಿ ಪ್ರಾಂತದ ಅಧಿಕಾರಿಯಾಗಿದ್ದ ಅವರು 1883ರಲ್ಲಿ ಭಾರತ ಸರಕಾರದ ಮೊದಲ ಶಾಸನತಜ್ಞರಾಗಿ ನೇಮಕಗೊಂಡರು. ಶಾಸನದ ಹಳ್ಳಿ, ಅದರ ನೆರೆಯ ಹಳ್ಳಿ, ನಡುವಿನ ಹಳ್ಳ, ಇವನ್ನೆಲ್ಲ ಸರ್ವೆ ನಕಾಶೆಯ ಮೇಲೆ ಬೆರಳಿಟ್ಟು ಹೊಂದಿಸುವ ತಾಳ್ಮೆಯ ಕೆಲಸ ಅದು. ಒಂದು ಉತ್ತರಕ್ಕೆ ಯಂತ್ರ ತೆಗೆದುಕೊಳ್ಳುವುದು ಸೆಕೆಂಡಿನ ಒಂದು ಚೂರು. ಫ್ಲೀಟರಿಗೆ ಒಂದು ಹೆಸರಿಗೆ ಒಮ್ಮೊಮ್ಮೆ ವರ್ಷಗಳೇ ಹಿಡಿದವು, ಕೆಲವನ್ನು ಆಮೇಲೆ ಅವರೇ ತಿದ್ದಿಕೊಳ್ಳಬೇಕಾಯಿತು.

ಯಂತ್ರಕ್ಕೆ ಫ್ಲೀಟರ ಊಹಾಶಕ್ತಿ ಇಲ್ಲ. ಇಂಗ್ಲಿಷಿನಲ್ಲಿ ಬಾಗಲಕೋಟ ಮತ್ತು ಬಾಗಲಕೋಟೆಗೆ ಒಂದಕ್ಷರದ ವ್ಯತ್ಯಾಸ. ಡೊಮೇನ್ ಲೆಕ್ಕದಲ್ಲಿ ಅವು ಎರಡು ಬೇರೆ ಹೆಸರು. ಕನ್ನಡದಲ್ಲೇ ಬರೆದರೆ ಗೊಂದಲ ತಪ್ಪೀತೆ? 2011ರಲ್ಲಿ ‘ಭಾರತ’ ಎಂಬ ಮೇಲಿನ ಹೆಸರು ಏಳು ಲಿಪಿಗಳಲ್ಲಿ ಬೇರಿಗೆ ಸೇರಿದಾಗ ಕನ್ನಡ ಅವುಗಳಲ್ಲಿರಲಿಲ್ಲ, ತಡವಾಗಿ ಬಂತು. ಈಗ ಕನ್ನಡ ಹೆಸರನ್ನು ಯಂತ್ರ ಒಳಗೊಳಗೆ ರೋಮನ್ ಅಕ್ಷರ–ಅಂಕಿಗಳ ಸಂಕೇತಕ್ಕೆ ತಿರುಗಿಸಿಕೊಂಡು ಹುಡುಕುತ್ತದೆ. ಇನ್ನೊಂದು ತೊಡಕು ಚಾಲುಕ್ಯರ ಕಾಲದ್ದೇ. ಅವರ ಶಾಸನಗಳ ಲಿಪಿಯಿಂದಲೇ ಕನ್ನಡ, ತೆಲುಗು ಎರಡೂ ಕವಲೊಡೆದದ್ದರಿಂದ ಹಲವು ಅಕ್ಷರಗಳು ಕಣ್ಣಿಗೆ ಒಂದೇ. ಒಂದು ಲಿಪಿಯ ಹೆಸರನ್ನು ಇನ್ನೊಂದರ ವೇಷದಲ್ಲಿ ಕದಿಯದಂತೆ, ಯಾವ ಅಕ್ಷರ ಯಾವುದಕ್ಕೆ ಸಮ ಎಂಬ ಕೋಷ್ಟಕವನ್ನೇ ತಜ್ಞರು ಕುಳಿತು ಬರೆಯಬೇಕಾಯಿತು.

ನೀರಿನ ಲೆಕ್ಕ ಮುಗಿದಿಲ್ಲ. ಆಲಮಟ್ಟಿಯಲ್ಲಿ ನೀರು ನಿಲ್ಲುವುದು 519.6 ಮೀಟರಿಗೆ, 2010ರ ಕೃಷ್ಣಾ ನ್ಯಾಯಮಂಡಳಿಯ ತೀರ್ಪು 524.256 ಮೀಟರಿಗೆ ಅನುಮತಿಸಿದೆ. ಆ ಎತ್ತರಕ್ಕೆ ಏರಿದರೆ ಹಳೆಯ ಬಾಗಲಕೋಟೆಯ ಇನ್ನಷ್ಟು ಓಣಿಗಳೂ ಎಷ್ಟೋ ಹಳ್ಳಿಗಳೂ ಎದ್ದು ಹೋಗಬೇಕು. ಕೂಡಲಸಂಗಮದಲ್ಲಿ ಬಸವಣ್ಣನವರ ಐಕ್ಯಸ್ಥಳಕ್ಕೆ ಹಿನ್ನೀರಿನ ನಡುವೆ ಬಾವಿಯಂಥ ಸುತ್ತುಗೋಡೆ ಕಟ್ಟಿ ಇದ್ದಲ್ಲೇ ಉಳಿಸಿಕೊಂಡಿದ್ದಾರೆ. ಮೆಟ್ಟಿಲಿಳಿದು ನೀರಿನ ಮಟ್ಟಕ್ಕಿಂತ ಕೆಳಗೆ ಹೋಗಿ ಜನ ಅದನ್ನು ನೋಡಿ ಬರುತ್ತಾರೆ.