ದೂರ ಅಷ್ಟೇ, ದಾರಿ ಬೇರೆ

ಫಿನ್ಲೆಂಡಿನ ರಾಜಧಾನಿ ಹೆಲ್ಸಿಂಕಿಗೂ ಜಪಾನಿನ ಟೋಕಿಯೊಗೂ ನಡುವಣ ನೇರ ಅಂತರ ಸುಮಾರು 7,800 ಕಿ.ಮೀ. ಇಂದಿನ ಜೆಟ್ ವಿಮಾನಕ್ಕೆ ಇದು ಹೆಚ್ಚೆಂದರೆ ಒಂಬತ್ತೂವರೆ, ಹತ್ತು ಗಂಟೆಯ ಹಾದಿ. ಆದರೆ 1983ರಲ್ಲಿ ಈ ಪಯಣಕ್ಕೆ ಸುಮಾರು 13 ಗಂಟೆ ಹಿಡಿಯುತ್ತಿತ್ತು. ಮುಂದೆ ಅದು ಒಂಬತ್ತೂವರೆಗೆ ಇಳಿಯಿತು. 2022ರಲ್ಲಿ ಮತ್ತೆ 13ಕ್ಕೆ ಏರಿತು. ನಗರಗಳು ಇದ್ದಲ್ಲೇ ಇವೆ, ವಿಮಾನದ ವೇಗವೂ ಕುಗ್ಗಿಲ್ಲ. ಹಾಗಾದರೆ ಬದಲಾದದ್ದು ಏನು?

ಭೂಗೋಳದ ಮಾದರಿಯ ಮೇಲೆ ಈ ಎರಡು ಊರುಗಳ ನಡುವೆ ದಾರವೊಂದನ್ನು ಬಿಗಿಯಾಗಿ ಎಳೆದು ಹಿಡಿದರೆ ಅದು ಬಹುಮಟ್ಟಿಗೆ ರಷ್ಯದ ಮೇಲೆಯೇ ಹಾಯುತ್ತದೆ. ಕಡಲಿನಂತೆ ಆಕಾಶ ಎಲ್ಲರ ಸೊತ್ತಲ್ಲ. ತನ್ನ ನೆಲದ ಮೇಲಣ ಆಕಾಶಕ್ಕೆ ಆಯಾ ದೇಶವೇ ಒಡೆಯ ಎಂಬುದನ್ನು 1944ರ ಷಿಕಾಗೊ ಒಪ್ಪಂದ ತನ್ನ ಮೊದಲ ವಿಧಿಯಲ್ಲೇ ಹೇಳಿದೆ. ಒಡೆಯ ಬೇಡವೆಂದರೆ ವಿಮಾನ ಸುತ್ತಿ ಹೋಗಲೇಬೇಕು.

ಶೀತಲ ಸಮರದ ದಿನಗಳಲ್ಲಿ ಪಶ್ಚಿಮ ಯೂರೋಪಿನ ವಿಮಾನಗಳಿಗೆ ಸೈಬೀರಿಯದ ಆಕಾಶ ಬಹುಪಾಲು ಮುಚ್ಚಿತ್ತು. ದಕ್ಷಿಣ ಏಷ್ಯದ ಮೂಲಕ ಸಾಗುವ ಹಳೆಯ ಮಾರ್ಗದಲ್ಲಿ ಕೋಪನ್‌ಹೇಗನ್ನಿನಿಂದ ಟೋಕಿಯೊ ತಲುಪಲು ಐವತ್ತು ಗಂಟೆಗಳಷ್ಟು ಬೇಕಾಗುತ್ತಿತ್ತು. 1957ರ ಫೆಬ್ರವರಿಯಲ್ಲಿ ಸ್ಕ್ಯಾಂಡಿನೇವಿಯನ್ ಏರ್‌ಲೈನ್ಸ್ ಸಂಸ್ಥೆ ಉತ್ತರ ಧ್ರುವದ ಮೇಲಿನಿಂದ, ಅಲಾಸ್ಕದ ಆಂಕರೇಜ್ ಮೂಲಕ ಹೊಸ ಹಾದಿ ಹಿಡಿದಾಗ ಅವಧಿ ಸುಮಾರು 32 ಗಂಟೆಗೆ ಇಳಿಯಿತು. ಧ್ರುವದ ಬಳಿ ಅಯಸ್ಕಾಂತದ ದಿಕ್ಸೂಚಿಯನ್ನು ನಂಬುವಂತಿಲ್ಲ. ಆದ್ದರಿಂದ ವಿಶೇಷ ಗೈರೊಸ್ಕೋಪುಗಳ ನೆರವಿನಿಂದ ದಿಕ್ಕು ತಿಳಿಯಬೇಕಾಗಿತ್ತು.

ಈ ಗಡಿಯ ಬಳಿ ದಾರಿ ತಪ್ಪುವುದು ಪ್ರಾಣಾಪಾಯದ ಮಾತಾಗಿತ್ತು. 1983ರ ಸೆಪ್ಟೆಂಬರ್ 1ರಂದು ಆಂಕರೇಜ್‌ನಿಂದ ಸೋಲ್‌ಗೆ ಹೊರಟಿದ್ದ ಕೊರಿಯದ ವಿಮಾನ ಸೋವಿಯತ್ ಆಕಾಶಕ್ಕೆ ಸರಿದಾಗ ಯುದ್ಧವಿಮಾನವೊಂದು ಅದನ್ನು ಹೊಡೆದುರುಳಿಸಿತು. ಅದರಲ್ಲಿದ್ದ 269 ಮಂದಿಯೂ ಸತ್ತರು. ಅದೇ ವರ್ಷದ ಏಪ್ರಿಲ್‌ನಲ್ಲಿ ಫಿನ್ಲೆಂಡಿನ ಫಿನ್‌ಏರ್ ಸಂಸ್ಥೆ ಎಲ್ಲೂ ಇಳಿಯದೆ, ಧ್ರುವವನ್ನು ಬಳಸಿ, ಹೆಲ್ಸಿಂಕಿಯಿಂದ ಟೋಕಿಯೊಗೆ ಹಾರತೊಡಗಿತ್ತು. ಮೇಲೆ ಹೇಳಿದ 13 ಗಂಟೆ ಈ ಸುತ್ತಿನ ಲೆಕ್ಕ.

1991ರಲ್ಲಿ ಸೋವಿಯತ್ ಒಕ್ಕೂಟ ಒಡೆದ ಮೇಲೆ ಸೈಬೀರಿಯದ ಹಾದಿ ತೆರೆದುಕೊಳ್ಳುತ್ತ ಬಂದಿತು. ರಷ್ಯಕ್ಕೆ ಶುಲ್ಕ ತೆತ್ತು ನೇರವಾಗಿ ಹೋಗುವುದು ರೂಢಿಯಾಯಿತು. ಯೂರೋಪಿನಿಂದ ಪೂರ್ವ ಏಷ್ಯಕ್ಕೆ ಹೋಗುವವರಿಗೆ ಹೆಲ್ಸಿಂಕಿ ಹತ್ತಿರದ ಬಾಗಿಲು ಎಂಬ ಲೆಕ್ಕಾಚಾರದ ಮೇಲೆಯೇ ಫಿನ್‌ಏರ್ ತನ್ನ ವ್ಯವಹಾರವನ್ನು ಬೆಳೆಸಿತು.

2022ರ ಫೆಬ್ರವರಿಯಲ್ಲಿ ರಷ್ಯ ಉಕ್ರೇನಿನ ಮೇಲೆ ದಂಡೆತ್ತಿ ಹೋಯಿತು. ಯೂರೋಪಿನ ದೇಶಗಳು ರಷ್ಯದ ವಿಮಾನಗಳಿಗೆ ಆಕಾಶ ಮುಚ್ಚಿದವು, ರಷ್ಯವೂ ಹಾಗೆಯೇ ಮಾಡಿತು. ಕೆಲವೇ ದಿನಗಳಲ್ಲಿ ಫಿನ್‌ಏರ್ ವಿಮಾನಗಳು ಮತ್ತೆ ಧ್ರುವದತ್ತ ಮುಖ ಮಾಡಿದವು. ಇಲ್ಲವೆ ಮಧ್ಯ ಏಷ್ಯ, ಚೀನಾಗಳ ಮೂಲಕ ದಕ್ಷಿಣಕ್ಕೆ ಬಳಸಿದವು. ಎರಡರಲ್ಲೂ ಇಂಧನ ಹೆಚ್ಚು, ಖರ್ಚು ಹೆಚ್ಚು. ಸುಮಾರು ನಲವತ್ತು ವರ್ಷಗಳಲ್ಲಿ ವಿಮಾನದ ಎಂಜಿನ್, ದಿಕ್ಕು ತೋರುವ ಉಪಕರಣ ಎಲ್ಲವೂ ಎಷ್ಟೋ ಸುಧಾರಿಸಿದ್ದವು. ಆದರೂ ಪ್ರಯಾಣಿಕ ಆಸನದಲ್ಲಿ ಕೂತಿರಬೇಕಾದ ಹೊತ್ತು ಮಾತ್ರ 1983ರಲ್ಲಿ ಇದ್ದಷ್ಟೇ ಆಯಿತು.