ತುರಿಮಣೆ, ಸಿಗರೇಟಿನ ತುಂಡು ಮತ್ತು ಫ್ಯೂಸುನ್

ಸಂಶೋಧನೆಗಾಗಿ ನಾನು ಓದುವ ಹಳೆಯ ಕಡತಗಳಲ್ಲಿ ಆಸ್ತಿ ಪಾಲಿನ ವ್ಯಾಜ್ಯಗಳೇ ಹೆಚ್ಚು. ಅವುಗಳ ಕೊನೆಯಲ್ಲಿ ಕೆಲವೊಮ್ಮೆ ಮನೆಯ ಸಾಮಾನುಗಳ ಪಟ್ಟಿ ಇರುತ್ತದೆ. ತಾಮ್ರದ ಹಂಡೆ ಒಂದು, ಹಿತ್ತಾಳೆ ಕೊಡ ಎರಡು, ಮರದ ಪೆಟ್ಟಿಗೆ ಒಂದು, ಪಕ್ಕದಲ್ಲಿ ಬೆಲೆ. ಆ ಹಂಡೆಗೆ ಬೆಳಗಿನ ಜಾವ ಎದ್ದು ಉರಿ ಹಾಕುತ್ತಿದ್ದವರು ಯಾರು, ಪೆಟ್ಟಿಗೆಯಲ್ಲಿ ಯಾರ ಸೀರೆಗಳಿದ್ದವು ಎಂದು ಯಾವ ಗುಮಾಸ್ತನೂ ಬರೆದಿಟ್ಟಿಲ್ಲ. ಇತಿಹಾಸದ ವಿದ್ಯಾರ್ಥಿನಿಯಾಗಿ ನಾನು ಈ ಮೌನಕ್ಕೆ ಒಗ್ಗಿಹೋಗಿದ್ದೆ. ಅದನ್ನು ಕದಡಿದ್ದು ಒಂದು ಪ್ರೇಮ ಕಾದಂಬರಿ.

ಟರ್ಕಿಯ ಲೇಖಕ ಓರ್ಹಾನ್ ಪಾಮುಕ್ ಅವರ 'ದಿ ಮ್ಯೂಸಿಯಂ ಆಫ್ ಇನ್ನೊಸೆನ್ಸ್', ಅಂದರೆ ಮುಗ್ಧತೆಯ ಸಂಗ್ರಹಾಲಯ. 2006ರಲ್ಲಿ ನೊಬೆಲ್ ಪಡೆದ ಪಾಮುಕ್ ಇದನ್ನು 2008ರಲ್ಲಿ ಪ್ರಕಟಿಸಿದರು. ಮೌರೀನ್ ಫ್ರೀಲಿ ಅವರ ಇಂಗ್ಲಿಷ್ ಅನುವಾದ ಮರುವರ್ಷ ಬಂತು. ಎಂ.ಎ. ಮುಗಿಸಿದ ವರ್ಷ ಹಾಸ್ಟೆಲ್ಲಿನಲ್ಲಿ ನಾಲ್ಕು ರಾತ್ರಿ ಕೂತು ಅದನ್ನು ಓದಿದೆ. ಕೊನೆಯ ರಾತ್ರಿ ಪುಸ್ತಕ ಮುಚ್ಚಿದ ಮೇಲೆ ಬಹಳ ಹೊತ್ತು ದೀಪ ಆರಿಸಲಾಗಲಿಲ್ಲ.

ಕಥೆ 1975ರ ಮೇ 26ರ ಸೋಮವಾರ ಮಧ್ಯಾಹ್ನ ಇಸ್ತಾಂಬುಲಿನಲ್ಲಿ ಶುರುವಾಗುತ್ತದೆ. ಮೂವತ್ತು ವರ್ಷದ ಕೆಮಾಲ್ ಸಿರಿವಂತ ವ್ಯಾಪಾರಿ ಮನೆತನದವನು. ಅವನಿಗೂ ಸಿಬೆಲ್ ಎಂಬ ಓದಿದ, ಅಂತಸ್ತಿನ ಹುಡುಗಿಗೂ ನಿಶ್ಚಿತಾರ್ಥ ಆಗಬೇಕಿದೆ. ಆಕೆಗೆ ಕೈಚೀಲ ಕೊಳ್ಳಲು ಹೋದ ಅಂಗಡಿಯಲ್ಲಿ ಹದಿನೆಂಟರ ಫ್ಯೂಸುನ್ ಸಿಗುತ್ತಾಳೆ. ದೂರದ ಸಂಬಂಧಿ, ಬಡವರ ಮನೆಯ ಹುಡುಗಿ. ಇಬ್ಬರೂ ಒಂದು ಖಾಲಿ ಫ್ಲಾಟಿನಲ್ಲಿ ಗುಟ್ಟಾಗಿ ಸೇರುತ್ತಾರೆ. ಹಿಲ್ಟನ್ ಹೋಟೆಲಿನಲ್ಲಿ ಕೆಮಾಲನ ನಿಶ್ಚಿತಾರ್ಥ ನಡೆದ ನಂತರ ಫ್ಯೂಸುನ್ ಕಾಣೆಯಾಗುತ್ತಾಳೆ. ಮತ್ತೆ ಸಿಕ್ಕಾಗ ಅವಳಿಗೆ ಮದುವೆಯಾಗಿದೆ, ತಂದೆತಾಯಿಯ ಮನೆಯಲ್ಲೇ ಗಂಡನೊಂದಿಗೆ ಇದ್ದಾಳೆ. ಅಲ್ಲಿಂದ ಸುಮಾರು ಎಂಟು ವರ್ಷ ಕೆಮಾಲ್ ಆ ಮನೆಗೆ ರಾತ್ರಿ ಊಟಕ್ಕೆ ಹೋಗುತ್ತಲೇ ಇರುತ್ತಾನೆ. ಅವನ ಲೆಕ್ಕದಲ್ಲೇ 1,593 ಊಟ. ಹೋದಾಗಲೆಲ್ಲ ಅವಳು ಮುಟ್ಟಿದ್ದೇನನ್ನಾದರೂ ಜೇಬಿಗಿಳಿಸಿ ತರುತ್ತಾನೆ. ಉಪ್ಪಿನ ಡಬ್ಬಿ, ಹೇರ್‌ಪಿನ್, ಪಿಂಗಾಣಿ ನಾಯಿ, ಅವಳು ಸೇದಿ ನಂದಿಸಿದ 4,213 ಸಿಗರೇಟಿನ ತುಂಡುಗಳು.

ಇದನ್ನು ಹುಚ್ಚು ಎನ್ನಬಹುದು. ಆದರೆ ಆ ಹುಚ್ಚಿನ ಸುತ್ತ ಒಂದು ಇಡೀ ಕಾಲ ನಿಂತಿದೆ.

ಟರ್ಕಿ ಗಣರಾಜ್ಯವಾದದ್ದು 1923ರಲ್ಲಿ. 1926ರಲ್ಲಿ ಸ್ವಿಸ್ ಮಾದರಿಯ ನಾಗರಿಕ ಸಂಹಿತೆ ಬಂದು ಬಹುಪತ್ನಿತ್ವ ನಿಷೇಧವಾಯಿತು. 1934ರಲ್ಲಿ ಮಹಿಳೆಯರಿಗೆ ಸಂಸತ್ ಚುನಾವಣೆಯಲ್ಲಿ ಮತದಾನದ ಹಕ್ಕು ಸಿಕ್ಕಿತು. ಎಷ್ಟೋ ಯುರೋಪಿಯನ್ ದೇಶಗಳಿಗಿಂತ ಮೊದಲು ಎಂದು ಪಠ್ಯಪುಸ್ತಕಗಳು ಹೆಮ್ಮೆಯಿಂದ ಹೇಳುವ ಮಾತು ಇದು. ಕಾದಂಬರಿ ಆ ಹೆಮ್ಮೆಯ ಒಳಮಗ್ಗುಲನ್ನು ತೋರಿಸುತ್ತದೆ. ಕೆಮಾಲನ ಗೆಳೆಯರು ಯುರೋಪಿನ ಉಡುಪು ತೊಟ್ಟು, ಅಲ್ಲಿಯ ಮದ್ಯ ಕುಡಿದು, ತಾವು ಆಧುನಿಕರು ಎಂದುಕೊಂಡವರು. ಆದರೂ ಮದುವೆಗೆ ಮುಂಚೆ ಗಂಡಿನ ಜೊತೆ ಮಲಗಿದ ಹೆಣ್ಣಿನ ವಿಷಯ ಬಂದಾಗ ಅವರ ದನಿ ತಗ್ಗುತ್ತದೆ. ಅಂಥ ಹೆಣ್ಣುಮಕ್ಕಳ ಸುದ್ದಿ ಹಾಕುವಾಗ ಅಂದಿನ ಪತ್ರಿಕೆಗಳು ಚಿತ್ರದಲ್ಲಿ ಅವರ ಕಣ್ಣಿಗೆ ಕಪ್ಪು ಪಟ್ಟಿ ಎಳೆಯುತ್ತಿದ್ದವು. ಅತ್ಯಾಚಾರಕ್ಕೊಳಗಾದವಳಿಗೂ ವ್ಯಭಿಚಾರದ ಆರೋಪ ಹೊತ್ತವಳಿಗೂ ಒಂದೇ ಪಟ್ಟಿ. ಕಾನೂನು ಮತ ಕೊಟ್ಟಿತು, ಸಮಾಜ ಕಣ್ಣು ಮುಚ್ಚಿಸಿತು. ಅಧ್ಯಾಯಗಟ್ಟಲೆ ಓದಿಯೂ ನನಗೆ ದಕ್ಕದಿದ್ದ ಸಂಗತಿ ಆ ಕಪ್ಪು ಪಟ್ಟಿಯಲ್ಲಿ ಒಮ್ಮೆಗೇ ಹೊಳೆಯಿತು.

ರಾಜಕೀಯ ಇತಿಹಾಸವೂ ಇಲ್ಲಿ ಊಟದ ಮೇಜಿನ ಮೂಲಕವೇ ಬರುತ್ತದೆ. 1970ರ ದಶಕದ ಕೊನೆಯಲ್ಲಿ ಎಡ ಬಲ ಗುಂಪುಗಳ ಬೀದಿ ಕಾಳಗಕ್ಕೆ ಸಾವಿರಾರು ಜನ ಬಲಿಯಾದರು. 1979ರ ನವೆಂಬರಿನಲ್ಲಿ 'ಇಂಡಿಪೆಂಡೆಂಟಾ' ಎಂಬ ರೊಮೇನಿಯಾದ ತೈಲ ಹಡಗು ಬಾಸ್ಫರಸ್ ಜಲಸಂಧಿಯ ಬಾಯಲ್ಲಿ ಡಿಕ್ಕಿಯಾಗಿ ಸ್ಫೋಟಿಸಿ ವಾರಗಟ್ಟಲೆ ಉರಿಯಿತು. 1980ರ ಸೆಪ್ಟೆಂಬರ್ 12ರಂದು ಜನರಲ್ ಕೆನಾನ್ ಎವ್ರೆನ್ ನೇತೃತ್ವದ ಸೇನೆ ಅಧಿಕಾರ ಹಿಡಿಯಿತು. ಕಾದಂಬರಿಯ ಮನೆಯವರಿಗೆ ಇದೆಲ್ಲ ಕಿಟಕಿಯಾಚೆಯ ಸದ್ದು, ಅಥವಾ ಟಿವಿಯ ಸುದ್ದಿ. ಇದ್ದದ್ದು ಸರ್ಕಾರದ ಒಂದೇ ವಾಹಿನಿ. ರಾತ್ರಿ ಪ್ರಸಾರ ಮುಗಿಯುವಾಗ ಅದರಲ್ಲಿ ಬಾವುಟ ಹಾರಿ ರಾಷ್ಟ್ರಗೀತೆ ಬರುತ್ತಿತ್ತು. ಅದು ಬಂದರೂ ಕೆಮಾಲನಿಗೆ ಎದ್ದು ಹೊರಡಲು ಮನಸ್ಸಾಗುವುದಿಲ್ಲ. ಕರ್ಫ್ಯೂ ಬಂದ ಮೇಲೆ ಅವನ ದುಃಖವೆಂದರೆ ಬೇಗ ಹೊರಡಬೇಕಲ್ಲ ಎಂಬುದು!

ಅಂಥ ಒಂದು ರಾತ್ರಿ ಅವನ ಬಳಿ ಆ ಮನೆಯಿಂದ ತಂದ ತುರಿಮಣೆ ಇರುತ್ತದೆ. ಸೇಬಿನ ಹಾಗೆ ಕಾಣುವ ಕ್ವಿನ್ಸ್ ಹಣ್ಣನ್ನು ತುರಿಯುವ ಸಾಧನ. ದಾರಿಯಲ್ಲಿ ಕಾರು ತಡೆದ ಸೈನಿಕರು ಅದನ್ನು ಅನುಮಾನದಿಂದ ನೋಡುತ್ತಾರೆ. ಪ್ರಭುತ್ವದ ಕಣ್ಣಿಗೆ ಅದು ಆಯುಧ ಇರಬಹುದು, ಪ್ರೇಮಿಯ ಕಣ್ಣಿಗೆ ಅವಳ ಕೈ ತಾಗಿದ ವಸ್ತು. ಸೈನಿಕ ದಂಗೆಯ ಬಗ್ಗೆ ನಾನು ಓದಿದ ಯಾವ ಪ್ರಬಂಧದಲ್ಲೂ ಅಡುಗೆಮನೆಯ ತುರಿಮಣೆ ಇರಲಿಲ್ಲ.

ಪಾಮುಕ್ ಇದನ್ನು ಪುಸ್ತಕದಲ್ಲೇ ಬಿಡಲಿಲ್ಲ. ಬರೆಯುವ ಎಷ್ಟೋ ಮೊದಲೇ ಹಳೆ ಸಾಮಾನಿನ ಅಂಗಡಿಗಳಲ್ಲಿ ವಸ್ತುಗಳನ್ನು ಕೊಳ್ಳತೊಡಗಿದ್ದರು. ಕೆಲವು ಕಥೆಗಾಗಿ ತಂದವು, ಕೆಲವನ್ನು ಕಂಡ ಮೇಲೆ ಕಥೆಯೇ ತಿರುಗಿತು. 2012ರಲ್ಲಿ ಇಸ್ತಾಂಬುಲಿನ ಚುಕುರ್‌ಜುಮಾ ಬಡಾವಣೆಯ ಹಳೆಯ ಮನೆಯೊಂದರಲ್ಲಿ ನಿಜವಾದ ಸಂಗ್ರಹಾಲಯ ತೆರೆಯಿತು. ಕಾದಂಬರಿಯ 83 ಅಧ್ಯಾಯಗಳಿಗೆ 83 ಪೆಟ್ಟಿಗೆಗಳು. ಒಳಹೊಕ್ಕರೆ ಗೋಡೆಯ ತುಂಬ ಆ 4,213 ಸಿಗರೇಟಿನ ತುಂಡುಗಳು. ಪುಸ್ತಕದ ಕೊನೆಯ ಪುಟಗಳಲ್ಲಿ ಒಂದು ಟಿಕೆಟ್ ಅಚ್ಚಾಗಿದೆ, ಅದನ್ನು ತೋರಿಸಿದವರಿಗೆ ಪ್ರವೇಶ ಉಚಿತ. 2014ರಲ್ಲಿ ಇದಕ್ಕೆ ಯುರೋಪಿನ ವರ್ಷದ ಸಂಗ್ರಹಾಲಯ ಪ್ರಶಸ್ತಿ ಬಂತು. ಸಂಗ್ರಹಾಲಯಗಳು ರಾಜ್ಯಗಳ, ರಾಷ್ಟ್ರಗಳ ಕಥೆ ಹೇಳಿದ್ದು ಸಾಕು, ಒಬ್ಬೊಬ್ಬ ಮನುಷ್ಯನ ಕಥೆ ಹೇಳಲಿ ಎಂಬುದು ಪಾಮುಕ್ ಅವರ ವಾದ. ನಾನು ಅಲ್ಲಿಗೆ ಹೋಗಿಲ್ಲ, ಚಿತ್ರಗಳಲ್ಲಿ ನೋಡಿದ್ದೇನೆ ಅಷ್ಟೆ. ಆದರೂ ನನ್ನ ಪ್ರತಿಯ ಟಿಕೆಟ್ ಪುಟದಲ್ಲಿ ಒಂದು ಕಾಗದ ಸಿಕ್ಕಿಸಿಟ್ಟಿದ್ದೇನೆ.

ಇಷ್ಟು ಹೊತ್ತು ನಾನು ಕೆಮಾಲನ ಮಾತನ್ನೇ ಆಡಿದೆ. ಮೊದಲ ಓದಿನಲ್ಲೂ ಹೀಗೇ ಆಗಿತ್ತು. ಹೆಣ್ಣಾದ ನಾನೂ ಅತ್ತದ್ದು ಅವನಿಗಾಗಿಯೇ. ಮರುದಿನ ಅಮ್ಮನಿಗೆ ಫೋನಿನಲ್ಲಿ ಕಥೆಯೆಲ್ಲ ಹೇಳಿದೆ. ಕೇಳಿಸಿಕೊಂಡು ಅಮ್ಮ ಒಂದೇ ಪ್ರಶ್ನೆ ಕೇಳಿದರು: "ಅಲ್ಲ ಕಣೇ, ಆ ಹುಡುಗಿಗೆ ಏನು ಬೇಕಿತ್ತಂತೆ?"

ನನ್ನಲ್ಲಿ ಉತ್ತರವಿರಲಿಲ್ಲ. ಎರಡನೆಯ ಸಲ ಓದಿದೆ, ಈ ಸಲ ಅವಳನ್ನು ಹುಡುಕುತ್ತ. ಅವಳಿಗೆ ಸಿನಿಮಾ ನಟಿ ಆಗಬೇಕಿತ್ತು. ಗಂಡ ಸಿನಿಮಾ ಮಾಡಲು ಹೊರಟವನು, ಕೆಮಾಲ್ ಹಣ ಹಾಕುವವನು. ಇಬ್ಬರೂ ನಾಳೆ ನಾಡಿದ್ದು ಎನ್ನುತ್ತ ಅವಳನ್ನು ಮನೆಯಲ್ಲೇ ಕೂರಿಸುತ್ತಾರೆ. ಸಿನಿಮಾದವರ ಕಣ್ಣಿಗೆ, ಕೈಗೆ ಅವಳು ಸಿಕ್ಕಿಬಿಟ್ಟರೆ ಎಂಬ ಭಯ ಇಬ್ಬರಿಗೂ. ಅವಳು ಕೂತು ಸಿಗರೇಟು ಸೇದುತ್ತಾಳೆ, ಹಕ್ಕಿಗಳ ಚಿತ್ರ ಬರೆಯುತ್ತಾಳೆ. ಆ ತುಂಡುಗಳಲ್ಲಿ ಕೆಲವನ್ನು ಅವಳು ಸಿಟ್ಟಿನಿಂದ ಹೊಸಕಿದ್ದಾಳೆ. ಕೆಮಾಲ್ ಅದನ್ನೂ ಗಮನಿಸಿ ಬರೆದಿಡುತ್ತಾನೆ, ಆದರೆ ಸಿಟ್ಟು ಯಾಕೆ ಎಂದು ಕೂತು ಕೇಳುವುದಿಲ್ಲ. ಡ್ರೈವಿಂಗ್ ಪರೀಕ್ಷೆಯಲ್ಲಿ ಮತ್ತೆ ಮತ್ತೆ ನಪಾಸಾಗಿ ಕೊನೆಗೂ ಲೈಸೆನ್ಸ್ ಪಡೆದ ಅವಳು, ಅವನು ಅವಳನ್ನು ಪಡೆದೆ ಎಂದುಕೊಂಡ ಮರುದಿನವೇ, ಅವನ ಕಾರಿನ ಸ್ಟಿಯರಿಂಗ್ ಹಿಡಿದೇ ಸಾಯುತ್ತಾಳೆ. ಅದು ಅಪಘಾತವೋ ಅವಳ ನಿರ್ಧಾರವೋ, ಕಾದಂಬರಿ ತೀರ್ಪು ಕೊಡುವುದಿಲ್ಲ.

ಈ ಸಲ ನಾನು ಅತ್ತದ್ದು ಅವಳಿಗಾಗಿ. ಜೊತೆಗೆ ಸ್ವಲ್ಪ ನಾಚಿಕೆಯೂ ಆಯಿತು. ಇಷ್ಟು ಪ್ರೀತಿಯಿಂದ ಕೂಡಿಸಿಟ್ಟ ಪಟ್ಟಿಯಲ್ಲೂ ಅವಳ ಮಾತಿಗೆ ಜಾಗ ಕಡಿಮೆ. ನನ್ನ ಕಡತದ ಗುಮಾಸ್ತ ಬೆಲೆ ಬರೆದ, ಕೆಮಾಲ್ ಹಂಬಲ ಬರೆದ. ಕೂಡಿಸಿಡುವ ಅಧಿಕಾರ ಎರಡು ಕಡೆಯೂ ಬೇರೆಯವರ ಕೈಯಲ್ಲೇ ಇತ್ತು. ಪಾಮುಕ್ ದೊಡ್ಡ ಲೇಖಕ ಅನ್ನಿಸುವುದು ಇಲ್ಲೇ. ಪ್ರೇಮಿಯ ಬಾಯಲ್ಲೇ ಕಥೆ ಹೇಳಿಸುತ್ತ, ಅವನಿಗೆ ಕಾಣದ್ದು ನಮಗೆ ಕಾಣುವಷ್ಟು ಬಿರುಕು ಬಿಟ್ಟಿದ್ದಾರೆ.

ಇತಿಹಾಸ ಓದುವವರು ಭಾವನೆಯಿಂದ ದೂರ ಇರಬೇಕು ಎಂದು ನಮಗೆ ಕಲಿಸುತ್ತಾರೆ. ಆ ಎಚ್ಚರ ಬೇಕು. ಆದರೆ ಕಣ್ಣು ಒದ್ದೆಯಾಗದಿದ್ದರೆ ನಾನು ಆ ಪುಸ್ತಕವನ್ನು ಎರಡನೆಯ ಸಲ ತೆರೆಯುತ್ತಿರಲಿಲ್ಲ, ಅಮ್ಮನ ಪ್ರಶ್ನೆ ನನ್ನ ಕೆಲಸದ ಪ್ರಶ್ನೆಯೂ ಆಗುತ್ತಿರಲಿಲ್ಲ. ಈಗ ಪಟ್ಟಿಯಲ್ಲಿ 'ಮರದ ಪೆಟ್ಟಿಗೆ ಒಂದು' ಎಂದು ಬಂದಾಗ ನಿಲ್ಲುತ್ತೇನೆ. ಅದೇ ಕಡತದ ಹಿಂದಿನ ಪುಟಗಳಿಗೆ ಹೋಗಿ, ಸಾಕ್ಷಿ ಹೇಳಿಕೆಗಳಲ್ಲಿ ಯಾವುದಾದರೂ ಹೆಣ್ಣಿನ ಹೆಸರು, ಒಂದು ಹೆಬ್ಬೆಟ್ಟಿನ ಗುರುತು ಇದೆಯೇ ಎಂದು ನೋಡುತ್ತೇನೆ. ಹೆಚ್ಚಿನ ಸಲ ಇರುವುದಿಲ್ಲ. ಆಗ ನನ್ನ ಟಿಪ್ಪಣಿ ಪುಸ್ತಕದಲ್ಲಿ ಪೆಟ್ಟಿಗೆಯ ಬೆಲೆಯ ಪಕ್ಕ ಒಂದು ಸಾಲು ಖಾಲಿ ಬಿಡುತ್ತೇನೆ.