ಮೇಜಿನ ಮೇಲೆ ಸೋತವರು ಅಂಗೈಯಲ್ಲಿ ಗೆದ್ದರು: ಗ್ರಾಫಿಕ್ಸ್ ಪ್ರೊಸೆಸರ್‌ಗಳ ಊಹಾಪೋಹಕ್ಕೊಂದು ಇತಿಹಾಸ

"ಈಗಲೇ ಕೊಳ್ಳುವುದು ಬೇಡ, ಇನ್ನಾರು ತಿಂಗಳಲ್ಲಿ ಹೊಸದು ಬರಲಿದೆಯಂತೆ." ಮಕ್ಕಳಿಗೆ ಕಂಪ್ಯೂಟರ್ ಕೊಡಿಸುವಾಗಲೋ ಹಳೆಯ ಫೋನನ್ನು ಬದಲಿಸುವಾಗಲೋ ಈ ಮಾತು ನಮ್ಮೆಲ್ಲರ ಮನೆಗಳಲ್ಲೂ ಒಮ್ಮೆಯಾದರೂ ಕೇಳಿಬಂದಿರುತ್ತದೆ. ಬರಲಿರುವ ಗ್ರಾಫಿಕ್ಸ್ ಪ್ರೊಸೆಸರ್ ಎಷ್ಟು ವೇಗದ್ದು, ಅದರಲ್ಲಿ ಎಷ್ಟು ಮೆಮೊರಿ ಇದೆ, ಬೆಲೆ ಎಷ್ಟು ಎಂಬ ಅಂತೆಕಂತೆಗಳ ಸಂತೆಗೆ ಈಗ ಸುಮಾರು ಮೂವತ್ತು ವರ್ಷಗಳ ವಯಸ್ಸು. ಆ ಮೂವತ್ತು ವರ್ಷಗಳನ್ನು ಹಿಂದಿರುಗಿ ನೋಡಿದರೆ ಒಂದು ಸಂಗತಿ ಎದ್ದು ಕಾಣುತ್ತದೆ. ಮುಂದಿನ ಚಿಪ್‌ನ ವೇಗವನ್ನು ಊಹಿಸುವುದರಲ್ಲಿ ಜನ ಹಲವು ಬಾರಿ ಸರಿಯಾಗಿದ್ದಾರೆ. ಆದರೆ ಆ ಚಿಪ್ ಎಲ್ಲಿ ಬಾಳುತ್ತದೆ, ಯಾವ ಕೆಲಸಕ್ಕೆ ಬರುತ್ತದೆ ಎಂಬುದನ್ನು ಊಹಿಸಿದವರು ತೀರ ವಿರಳ. ಡೆಸ್ಕ್‌ಟಾಪ್ ಎಂಬ ಒಂದೇ ಅಳತೆಗೋಲನ್ನು ಹಿಡಿದು ನೋಡಿದ್ದೇ ಇದಕ್ಕೆ ಮುಖ್ಯ ಕಾರಣವೆಂದು ನಮಗೆ ತೋರುತ್ತದೆ.

ಮೊದಲ ಅರಸರು

1996ರಲ್ಲಿ ಕ್ಯಾಲಿಫೋರ್ನಿಯದ ತ್ರೀಡಿಎಫ್ಎಕ್ಸ್ ಸಂಸ್ಥೆಯ ವೂಡೂ ಗ್ರಾಫಿಕ್ಸ್ ಮಾರುಕಟ್ಟೆಗೆ ಬಂದಾಗ ಮನೆಯ ಕಂಪ್ಯೂಟರಿನಲ್ಲಿ ಮೂರು ಆಯಾಮದ ಆಟಗಳ ರೂಪವೇ ಬದಲಾಯಿತು. ಅದಕ್ಕೆ ಒಂದು ವರ್ಷ ಮುಂಚೆ ಎನ್ವಿಡಿಯಾ ತನ್ನ ಮೊದಲ ಚಿಪ್ ಆದ ಎನ್‌ವಿ1 ಅನ್ನು ಹೊರತಂದು ಸೋತಿತ್ತು. ಉಳಿದವರೆಲ್ಲ ತ್ರಿಕೋನಗಳಿಂದ ಆಕೃತಿಗಳನ್ನು ಕಟ್ಟುತ್ತಿದ್ದಾಗ ಅದು ವಕ್ರ ಮೇಲ್ಮೈಗಳನ್ನು ನಂಬಿತ್ತು. ಮೈಕ್ರೋಸಾಫ್ಟ್‌ನ ಡೈರೆಕ್ಟ್‌ತ್ರೀಡಿ ತ್ರಿಕೋನಗಳ ಪಕ್ಷ ವಹಿಸಿದ್ದರಿಂದ ಆ ದಾರಿ ಮುಚ್ಚಿಹೋಯಿತು. ಆ ಹೊತ್ತಿನಲ್ಲಿ ಯಾರನ್ನು ಕೇಳಿದರೂ ಮುಂದಿನ ದಶಕ ತ್ರೀಡಿಎಫ್ಎಕ್ಸ್‌ನದೇ ಎಂದು ಹೇಳುತ್ತಿದ್ದರೇನೋ.

ನಡೆದದ್ದು ಬೇರೆ. 1997ರಲ್ಲಿ ರಿವಾ 128, 1999ರಲ್ಲಿ ಜೀಫೋರ್ಸ್ 256 ಬಂದವು. "ಜಿಪಿಯು" ಎಂಬ ಹೆಸರು ಜನರ ಬಾಯಿಗೆ ಬಂದದ್ದು ಈ ಎರಡನೆಯ ಚಿಪ್‌ನ ಪ್ರಚಾರದಿಂದಲೇ. ಇತ್ತ ತ್ರೀಡಿಎಫ್ಎಕ್ಸ್ ನಾಲ್ಕು ಚಿಪ್‌ಗಳನ್ನು ಒಂದೇ ಫಲಕದಲ್ಲಿ ಕೂರಿಸಿದ ವೂಡೂ 5 6000 ಎಂಬ ಮಹಾಕಾರ್ಡನ್ನು ಘೋಷಿಸಿತು. ಅದರ ವಿದ್ಯುತ್ತಿನ ಹಸಿವು ಎಷ್ಟಿತ್ತೆಂದರೆ ಅದಕ್ಕೆಂದೇ ಹೊರಗಿನಿಂದ ಪ್ರತ್ಯೇಕ ಸರಬರಾಜು ಬೇಕಿತ್ತು. ಅಭಿಮಾನಿಗಳು ತಿಂಗಳುಗಟ್ಟಲೆ ಕಾದರು. ಕಾರ್ಡ್ ಅಂಗಡಿಗೆ ಬರಲೇ ಇಲ್ಲ. 2000ದ ಡಿಸೆಂಬರಿನಲ್ಲಿ ಆ ಸಂಸ್ಥೆಯ ಮುಖ್ಯ ಸ್ವತ್ತುಗಳನ್ನು ಎನ್ವಿಡಿಯಾ ಕೊಳ್ಳುವ ಒಪ್ಪಂದವಾಯಿತು.

ಬಾರದ ಕಾರ್ಡ್, ಉಳಿದ ವಿದ್ಯೆ

ಇದೇ ಕಾಲದಲ್ಲಿ ಫಿನ್ಲೆಂಡಿನ ಬಿಟ್‌ಬಾಯ್ಸ್ ಎಂಬ ಪುಟ್ಟ ಸಂಸ್ಥೆ 1999ರಲ್ಲಿ ಗ್ಲೇಜ್‌ತ್ರೀಡಿ ಎಂಬ ಚಿಪ್ ಅನ್ನು ಘೋಷಿಸಿತು. ಮೆಮೊರಿಯನ್ನು ಚಿಪ್‌ನ ಒಳಗೇ ಅಡಗಿಸಿದರೆ ಚಿತ್ರದ ವೇಗ ಹಲವು ಪಟ್ಟು ಹೆಚ್ಚುತ್ತದೆ ಎಂಬುದು ಅವರ ವಾದ. ಕಾಗದದ ಮೇಲೆ ಅದು ಎಲ್ಲರನ್ನೂ ಮೀರಿಸಿತ್ತು. ಆದರೆ ಅದನ್ನು ತಯಾರಿಸಿಕೊಡಬೇಕಿದ್ದ ಇನ್ಫಿನಿಯಾನ್ ಸಂಸ್ಥೆ ಆ ಬಗೆಯ ಮೆಮೊರಿಯ ತಯಾರಿಕೆಯನ್ನೇ ಕೈಬಿಟ್ಟಿತು. ವರ್ಷದ ಮೇಲೆ ವರ್ಷ ಮುಂದಕ್ಕೆ ಹೋದ ಆ ಕಾರ್ಡ್ ಕೊನೆಗೆ ನಗೆಪಾಟಲಾಗಿ, "ಬರುತ್ತದೆ, ಬರುತ್ತದೆ" ಎನ್ನುವ ಸರಕಿಗೆ ಬಿಟ್‌ಬಾಯ್ಸ್ ಎಂಬುದೇ ಉದಾಹರಣೆಯಾಯಿತು.

ಕಥೆಯನ್ನು ಇಲ್ಲಿಗೇ ನಿಲ್ಲಿಸುವವರೇ ಹೆಚ್ಚು. ಆದರೆ ಆ ಎಂಜಿನಿಯರುಗಳು ಮನೆಗೆ ಹೋಗಲಿಲ್ಲ. ಮೊಬೈಲ್ ಸಾಧನಗಳ ಗ್ರಾಫಿಕ್ಸ್ ಕಡೆಗೆ ತಿರುಗಿದರು. 2006ರಲ್ಲಿ ಕೆನಡಾದ ಎಟಿಐ ಅವರನ್ನು ಕೊಂಡಿತು. ಅದೇ ವರ್ಷ ಎಎಂಡಿ ಎಟಿಐಯನ್ನು ಕೊಂಡಿತು. 2009ರ ಜನವರಿಯಲ್ಲಿ ಎಎಂಡಿ ತನ್ನ ಮೊಬೈಲ್ ಗ್ರಾಫಿಕ್ಸ್ ವಿಭಾಗವನ್ನು 6.5 ಕೋಟಿ ಡಾಲರಿಗೆ ಕ್ವಾಲ್‌ಕಾಮ್‌ಗೆ ಮಾರಿತು. ಇಂದು ಅಸಂಖ್ಯ ಆಂಡ್ರಾಯ್ಡ್ ಫೋನುಗಳಲ್ಲಿರುವ ಅಡ್ರೀನೊ ಆ ವಂಶದ್ದೇ. ರೇಡಿಯಾನ್ ಎಂಬ ಹೆಸರಿನ ಇಂಗ್ಲಿಷ್ ಅಕ್ಷರಗಳನ್ನು ಹಿಂದುಮುಂದು ಮಾಡಿದರೆ ಅಡ್ರೀನೊ ಎಂದಾಗುತ್ತದೆ. ತವರಿನ ಗುರುತನ್ನು ಹೆಸರಿನಲ್ಲಿ ಉಳಿಸಿಕೊಂಡು ಬೇರೆ ಮನೆ ಸೇರಿದ ಮಗಳಂತೆ.

ನಾರ್ವೆಯ ಟ್ರಾಂಡ್‌ಹೈಮ್‌ನಲ್ಲಿ ವಿದ್ಯಾರ್ಥಿಗಳ ಪ್ರಯತ್ನವಾಗಿ ಹುಟ್ಟಿದ ಫಾಲಾಂಕ್ಸ್ ಸಂಸ್ಥೆಯೂ ಡೆಸ್ಕ್‌ಟಾಪಿನ ಕನಸಿನೊಡನೆಯೇ ಹೊರಟು ಮೊಬೈಲಿಗೆ ತಿರುಗಿತು. ಅದನ್ನು 2006ರಲ್ಲಿ ಕೊಂಡದ್ದು ಕೇಂಬ್ರಿಡ್ಜಿನ ಆರ್ಮ್. ಅದರಿಂದ ಬಂದದ್ದು ಮಾಲಿ ಗ್ರಾಫಿಕ್ಸ್.

ಗೋಡೆಗೆ ಬಣ್ಣ ಹೊಡೆಯುವ ಎರಡು ಬಗೆ

ಸೋತವರೇ ಹೀಗೆ ಅಂಗೈಯಲ್ಲಿ ಗೆದ್ದದ್ದು ಏಕೆ? ಇದಕ್ಕೆ ಅತ್ಯುತ್ತಮ ನಿದರ್ಶನ ನಾವು ನೆಲೆಸಿರುವ ಈ ಬ್ರಿಟನ್ನಿನಲ್ಲೇ ಇದೆ. ಲಂಡನ್ನಿನ ವಾಯವ್ಯಕ್ಕಿರುವ ಕಿಂಗ್ಸ್ ಲ್ಯಾಂಗ್ಲಿಯ ವಿಡಿಯೊಲಾಜಿಕ್, ಅಂದರೆ ಮುಂದೆ ಇಮ್ಯಾಜಿನೇಶನ್ ಟೆಕ್ನಾಲಜೀಸ್ ಎಂದು ಹೆಸರಾದ ಸಂಸ್ಥೆ, 1990ರ ದಶಕದಲ್ಲಿ ಪವರ್‌ವಿಆರ್ ಎಂಬ ವಿಧಾನವನ್ನು ರೂಪಿಸಿತು.

ಆಗಿನ ಸಾಮಾನ್ಯ ಕಾರ್ಡುಗಳು ಒಂದೊಂದು ವಸ್ತುವನ್ನೂ ಬಂದ ಕ್ರಮದಲ್ಲೇ ಚಿತ್ರಿಸುತ್ತಿದ್ದವು. ಬೀರುವಿನ ಹಿಂದಿನ ಗೋಡೆಗೂ ಬಣ್ಣ ಬಳಿದು, ಆಮೇಲೆ ಅದರ ಮುಂದೆ ಬೀರುವನ್ನು ತಂದಿಟ್ಟಂತೆ. ಪವರ್‌ವಿಆರ್ ಪರದೆಯನ್ನು ಸಣ್ಣ ಚೌಕಗಳಾಗಿ ವಿಂಗಡಿಸಿ, ಪ್ರತಿಯೊಂದರಲ್ಲೂ ಕಣ್ಣಿಗೆ ಕಾಣುವುದು ಯಾವುದೆಂದು ಮೊದಲು ನಿರ್ಣಯಿಸಿ, ಅಷ್ಟಕ್ಕೆ ಮಾತ್ರ ಬಣ್ಣ ತುಂಬುತ್ತಿತ್ತು. ಇದರಿಂದ ಹೊರಗಿನ ಮೆಮೊರಿಗೆ ಹೋಗಿಬರುವ ಓಡಾಟ ಬಹಳ ಕಡಿಮೆಯಾಗುತ್ತಿತ್ತು. ಗೋಡೆಯ ಸಾಕೆಟ್ಟಿನಿಂದ ವಿದ್ಯುತ್ ಪಡೆಯುವ ಡೆಸ್ಕ್‌ಟಾಪಿನಲ್ಲಿ ಈ ಮಿತವ್ಯಯಕ್ಕೆ ಹೆಚ್ಚು ಬೆಲೆ ಸಿಗಲಿಲ್ಲ. 1998ರಲ್ಲಿ ಜಪಾನಿನಲ್ಲಿ ಬಿಡುಗಡೆಯಾದ ಸೆಗಾ ಡ್ರೀಮ್‌ಕಾಸ್ಟ್‌ನಲ್ಲಿ ಅದಕ್ಕೆ ಸ್ಥಾನ ದೊರೆಯಿತು. 2001ರ ಕೈರೊ 2 ಕಾರ್ಡ್ ತನಗಿಂತ ದುಬಾರಿಯವುಗಳೊಡನೆ ಕೆಲವು ಆಟಗಳಲ್ಲಿ ಸರಿಸಮನಾಗಿ ನಿಂತಿತು. ಆದರೂ ಡೆಸ್ಕ್‌ಟಾಪ್ ಪೇಟೆ ಕೈಗೆ ಹತ್ತಲಿಲ್ಲ.

ಬ್ಯಾಟರಿಯನ್ನೇ ನಂಬಿದ ಫೋನು ಬಂದಾಗ ಲೆಕ್ಕ ತಲೆಕೆಳಗಾಯಿತು. ಮೆಮೊರಿಯ ಓಡಾಟವೆಂದರೆ ವಿದ್ಯುತ್ತಿನ ಖರ್ಚು. ವಿದ್ಯುತ್ತಿನ ಖರ್ಚೆಂದರೆ ಅಂಗೈಗೆ ತಾಗುವ ಬಿಸಿ. 2007ರ ಮೊದಲ ಐಫೋನಿನಲ್ಲೂ ಅದೇ ವರ್ಷದ ನೋಕಿಯಾ ಎನ್95ರಲ್ಲೂ ಇದ್ದದ್ದು ಪವರ್‌ವಿಆರ್. ಮೇಜಿನ ಮೇಲೆ ಯಾರೂ ಕೇಳದಿದ್ದ ಗುಣವೇ ಅಂಗೈಯಲ್ಲಿ ಮೊದಲ ಅಗತ್ಯವಾಯಿತು.

ಇದರ ಪ್ರತಿಬಿಂಬವೂ ಉಂಟು. ಡೆಸ್ಕ್‌ಟಾಪಿನ ಅರಸನಾದ ಎನ್ವಿಡಿಯಾ 2008ರಲ್ಲಿ ಟೆಗ್ರಾ ಎಂಬ ಹೆಸರಿನಲ್ಲಿ ಮೊಬೈಲಿಗೆ ಇಳಿದಾಗ ಅದು ಫೋನುಗಳನ್ನೂ ಆಳುತ್ತದೆಂದು ಅನೇಕರು ನಂಬಿದರು. 2011ರಲ್ಲಿ ಅದು ಬ್ರಿಸ್ಟಲ್‌ನ ಐಸೆರಾ ಎಂಬ ಮೋಡೆಮ್ ಸಂಸ್ಥೆಯನ್ನು 36.7 ಕೋಟಿ ಡಾಲರಿಗೆ ಕೊಂಡಿತು; 2015ರಲ್ಲಿ ಆ ವಿಭಾಗವನ್ನು ಮುಚ್ಚುವುದಾಗಿ ಹೇಳಿತು. ಟೆಗ್ರಾ ಕಾರುಗಳಲ್ಲೂ 2017ರ ನಿಂಟೆಂಡೊ ಸ್ವಿಚ್‌ನಲ್ಲೂ ಬಾಳು ಕಂಡುಕೊಂಡಿತೇ ಹೊರತು ಫೋನಿನಲ್ಲಿ ಅಲ್ಲ.

ಸುದ್ದಿ ಸೋರುವ ದಾರಿಯಲ್ಲಿ ಬೆಂಗಳೂರು

ಊಹೆಗಳಿಗೆ ಬೀಜ ಎಲ್ಲಿಂದ ಬರುತ್ತದೆ ಎಂಬುದೂ ತಿಳಿಯಬೇಕಾದ ವಿಷಯ. ಲಿನಕ್ಸ್ ಚಾಲಕ ತಂತ್ರಾಂಶದಲ್ಲಿ ಕಾಣಿಸಿಕೊಳ್ಳುವ ಹೊಸ ಸಂಕೇತಗಳು, ಬೆಂಚ್‌ಮಾರ್ಕ್ ಪಟ್ಟಿಗಳಲ್ಲಿ ಹಠಾತ್ತನೆ ಮೂಡುವ ಅಪರಿಚಿತ ಹೆಸರುಗಳು ಸಾಮಾನ್ಯ ಮೂಲಗಳು. 2010ರ ದಶಕದಲ್ಲಿ ಇವುಗಳ ಜೊತೆಗೆ ಭಾರತದ ಆಮದು ದಾಖಲೆಗಳೂ ಸೇರಿದವು. ಬೆಂಗಳೂರು, ಹೈದರಾಬಾದುಗಳ ವಿನ್ಯಾಸ ಕೇಂದ್ರಗಳಿಗೆ ಪರೀಕ್ಷೆಗೆಂದು ವಿಮಾನದಲ್ಲಿ ಬಂದ ಗ್ರಾಫಿಕ್ಸ್ ಫಲಕಗಳ ವಿವರ, ಸಂಕೇತನಾಮ, ರೂಪಾಯಿ ಮೌಲ್ಯ ಅವುಗಳಲ್ಲಿ ಕಾಣಸಿಗುತ್ತಿದ್ದವು. ಸುಂಕಕ್ಕಾಗಿ ನಮೂದಿಸಿದ ಮೌಲ್ಯವನ್ನೇ ಅಂಗಡಿಯ ಬೆಲೆಯೆಂದು ಭಾವಿಸಿ ಜಗತ್ತಿನ ನಾನಾ ಕಡೆ ಲೆಕ್ಕ ಹಾಕಿದವರುಂಟು.

ಆ ದಾಖಲೆಗಳು ನಿಜವಾಗಿ ಹೇಳುತ್ತಿದ್ದುದು ಬೇರೆಯದೇ ಸುದ್ದಿಯನ್ನು: ಈ ಚಿಪ್‌ಗಳ ವಿನ್ಯಾಸ ಮತ್ತು ಪರೀಕ್ಷೆಯಲ್ಲಿ ನಮ್ಮ ಊರಿನವರ ಕೈಯಿದೆ ಎಂಬುದನ್ನು. 1985ರಲ್ಲಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಬೆಂಗಳೂರಿಗೆ ಬಂದಾಗ ತೊಡಗಿದ ಆ ಪಯಣದಲ್ಲಿ, 2023ರ ನವೆಂಬರಿನಲ್ಲಿ ಎಎಂಡಿ ತನ್ನ ಅತಿದೊಡ್ಡ ವಿನ್ಯಾಸ ಕೇಂದ್ರವನ್ನು ಅಲ್ಲಿಯೇ ತೆರೆದದ್ದು ಒಂದು ಮೈಲಿಗಲ್ಲು.

ಯಾರೂ ಊಹಿಸದ ಉಪಯೋಗ

2008ರಲ್ಲಿ ಇಂಟೆಲ್ ತನ್ನ ಲಾರಬೀ ಯೋಜನೆಯ ವಿವರ ನೀಡಿದಾಗ ಗ್ರಾಫಿಕ್ಸ್ ಸಂಸ್ಥೆಗಳ ಕಾಲ ಮುಗಿಯಿತೆಂದು ಬರೆದವರಿದ್ದರು. 2009ರ ಡಿಸೆಂಬರಿನಲ್ಲಿ ಆ ಚಿಪ್ ಗ್ರಾಹಕರಿಗೆ ಬರುವುದಿಲ್ಲವೆಂದು ಇಂಟೆಲ್ ತಾನೇ ತಿಳಿಸಿತು. ಮತ್ತೊಂದೆಡೆ, 2010ರಲ್ಲಿ ಬಂದ ಜಿಟಿಎಕ್ಸ್ 580 ಕಾರ್ಡನ್ನು ಜನ ಅಳೆದದ್ದು ಆಟಗಳ ಫ್ರೇಮ್ ಲೆಕ್ಕದಿಂದ. 2012ರಲ್ಲಿ ಟೊರಾಂಟೊ ವಿಶ್ವವಿದ್ಯಾಲಯದ ಅಲೆಕ್ಸ್ ಕ್ರಿಜೆವ್‌ಸ್ಕಿ, ಇಲ್ಯಾ ಸುತ್ಸ್‌ಕೆವರ್, ಜೆಫ್ರಿ ಹಿಂಟನ್ ಅಂಥ ಎರಡೇ ಕಾರ್ಡುಗಳಲ್ಲಿ ಐದಾರು ದಿನ ತರಬೇತಿ ನೀಡಿದ ನರಜಾಲವು ಚಿತ್ರಗಳನ್ನು ಗುರುತಿಸುವ ಸ್ಪರ್ಧೆಯಲ್ಲಿ ಉಳಿದವರನ್ನು ಬಹುದೂರ ಹಿಂದಿಕ್ಕಿತು. ಇಂದಿನ ಕೃತಕ ಬುದ್ಧಿಮತ್ತೆಯ ಅಲೆ ಎದ್ದದ್ದು ಅಲ್ಲಿಂದ. ಆಟಿಕೆಯೆನಿಸಿದ್ದ ಕಾರ್ಡಿನೊಳಗೆ ಇದು ಅಡಗಿತ್ತೆಂದು ಯಾವ ಸೋರಿದ ದಾಖಲೆಯೂ ಹೇಳಿರಲಿಲ್ಲ.

ಸುದ್ದಿಯ ಭಾರ ಹೊರುವವರು

ಕೊಳ್ಳುವವನಿಗೆ ತಪ್ಪು ಊಹೆಯಿಂದ ಆಗುವ ನಷ್ಟ ಕೆಲವು ನೂರು ಪೌಂಡುಗಳದ್ದು. ಕೆಲಸ ಮಾಡುವವರ ಮನೆಯ ಲೆಕ್ಕ ಬೇರೆ. 2016ರ ಮಾರ್ಚಿಯಲ್ಲಿ ಇಮ್ಯಾಜಿನೇಶನ್ ಸಂಸ್ಥೆಯನ್ನು ಆಪಲ್ ಕೊಳ್ಳಲಿದೆ ಎಂಬ ಸುದ್ದಿ ಹಬ್ಬಿತು. ಮಾತುಕತೆ ನಡೆದಿತ್ತು, ಆದರೆ ಸದ್ಯಕ್ಕೆ ಕೊಳ್ಳುವ ಉದ್ದೇಶವಿಲ್ಲ ಎಂದು ಆಪಲ್ ಹೇಳಿತು. ವರ್ಷ ಕಳೆದು, 2017ರ ಏಪ್ರಿಲ್ 3ರಂದು ಬಂದದ್ದು ತದ್ವಿರುದ್ಧವಾದ ಸುದ್ದಿ. 15ರಿಂದ 24 ತಿಂಗಳೊಳಗೆ ಹೊಸ ಉತ್ಪನ್ನಗಳಲ್ಲಿ ಇವರ ತಂತ್ರಜ್ಞಾನವನ್ನು ಬಳಸುವುದಿಲ್ಲವೆಂದು ಆಪಲ್ ತಿಳಿಸಿತ್ತು. ವರಮಾನದ ಅರ್ಧದಷ್ಟು ಆ ಒಬ್ಬ ಗ್ರಾಹಕನಿಂದಲೇ ಬರುತ್ತಿದ್ದುದರಿಂದ ಒಂದೇ ದಿನದಲ್ಲಿ ಷೇರಿನ ಬೆಲೆ ಶೇ. 60ಕ್ಕೂ ಹೆಚ್ಚು ಕುಸಿಯಿತು. ಅದೇ ವರ್ಷ ಸಂಸ್ಥೆ 55 ಕೋಟಿ ಪೌಂಡಿಗೆ ಕ್ಯಾನಿಯನ್ ಬ್ರಿಡ್ಜ್ ಎಂಬ ಹೂಡಿಕೆ ಸಂಸ್ಥೆಯ ಪಾಲಾಯಿತು. ಇನ್ನು ಮುಗಿಯಿತೆಂದು ಎಲ್ಲರೂ ಅಂದುಕೊಂಡಿರುವಾಗ, 2020ರ ಜನವರಿಯಲ್ಲಿ ಆಪಲ್ ಮತ್ತೆ ಬಹುವರ್ಷದ ಹೊಸ ಪರವಾನಗಿ ಒಪ್ಪಂದಕ್ಕೆ ಸಹಿ ಹಾಕಿತು.

ಚಿಪ್ ಉದ್ಯಮದಲ್ಲಿ ದುಡಿಯುವ ಕುಟುಂಬಗಳು ನಮ್ಮ ನಡುವೆ ಅನೇಕ ಇವೆ. ವೀಸಾ, ಮನೆಯ ಸಾಲ, ಮಕ್ಕಳ ಶಾಲೆ ಎಲ್ಲವೂ ಒಂದು ಉದ್ಯೋಗಕ್ಕೆ ಕಟ್ಟಿಕೊಂಡಿರುವಾಗ ಅಂಥ ಒಂದು ಬೆಳಗಿನ ಸುದ್ದಿ ಎಷ್ಟು ಭಾರವೆಂಬುದನ್ನು ವಿವರಿಸಬೇಕಿಲ್ಲ. ಆದುದರಿಂದಲೇ ಈ ಇತಿಹಾಸ ನಮಗೆ ಮುಖ್ಯ. ಇಲ್ಲಿ ಚಿಪ್‌ಗಳು ಸೋತಿವೆ, ಹೆಸರುಗಳು ಅಳಿದಿವೆ, ಫಲಕಗಳು ಬದಲಾಗಿವೆ. ಆದರೆ ಬಿಟ್‌ಬಾಯ್ಸ್‌ನವರ ವಿದ್ಯೆಯಾಗಲಿ ಕಿಂಗ್ಸ್ ಲ್ಯಾಂಗ್ಲಿಯವರ ವಿದ್ಯೆಯಾಗಲಿ ವ್ಯರ್ಥವಾಗಲಿಲ್ಲ, ತನಗೆ ಒಪ್ಪುವ ನೆಲಕ್ಕಾಗಿ ಕಾದು ಅಲ್ಲಿ ಬೇರೂರಿತು.

ಹಾಗಾದರೆ ಮುಂದಿನ ಚಿಪ್‌ನ ಸುದ್ದಿ ಕಿವಿಗೆ ಬಿದ್ದಾಗ ಮಾಡಬೇಕಾದುದೇನು? ವೇಗ ಎಷ್ಟು ಎಂದು ಕೇಳುವ ಮೊದಲು, ಅದನ್ನು ತಯಾರಿಸಿಕೊಡುವವರು ಯಾರು, ಅದು ಎಷ್ಟು ವಿದ್ಯುತ್ ಬೇಡುತ್ತದೆ, ಯಾವ ಸಾಧನದಲ್ಲಿ ಕೂರುತ್ತದೆ ಎಂದು ಕೇಳುವುದು ಲೇಸು. ಮನೆಯ ಅಗತ್ಯಕ್ಕೆ ಇಂದು ಬೇಕಾದ ಯಂತ್ರವನ್ನು ಇಂದೇ ಕೊಳ್ಳುವುದು ಲೇಸು. ಈ ಕ್ಷೇತ್ರವನ್ನು ಓದಲು ಹೊರಟ ನಮ್ಮ ಮಕ್ಕಳು ಯಾವ ಸಂಸ್ಥೆ ಗೆಲ್ಲುತ್ತದೆಂದು ಊಹಿಸುತ್ತ ಕೂರುವ ಬದಲು, ಸಂಸ್ಥೆ ಮುಳುಗಿದರೂ ಕೈಬಿಡದ ವಿದ್ಯೆಯನ್ನು ಗಟ್ಟಿಮಾಡಿಕೊಳ್ಳುವುದು ಎಲ್ಲಕ್ಕಿಂತ ಲೇಸು.